ಬಾಗಿಲು ಹಾಕಿ ಕಲಿಸಿದ ಇಂಗ್ಲಿಷ್

ಇಪ್ಪತ್ತೆರಡು ವರ್ಷ ನಾನು ಇಂಗ್ಲಿಷನ್ನು ಬಾಗಿಲು ಹಾಕಿಕೊಂಡು ಕಲಿಸಿದೆ. ಸಂಜಯನಗರದ ನಮ್ಮ ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಬೇಕು ಎಂಬ ಬೋರ್ಡು ಮೆಟ್ಟಿಲಿಗೊಂದರಂತೆ ನೇತಾಡುತ್ತಿತ್ತು. ಕನ್ನಡ ಆಡಿದ ಮಗುವಿನ ಡೈರಿಯಲ್ಲಿ ಕೆಂಪು ಶಾಯಿ, ಕನ್ನಡ ಆಡಿದ ಟೀಚರಿಗೆ ಆಫೀಸಿನಲ್ಲಿ ಮಂಗಳಾರತಿ. ಆದರೆ ನನ್ನ ಏಳನೇ ಕ್ಲಾಸಿನಲ್ಲಿ ಮನೆಯಲ್ಲಿ ಇಂಗ್ಲಿಷ್ ಆಡುವ ಮಗು ಒಂದೂ ಇರಲಿಲ್ಲ. ಆರ್.ಟಿ. ನಗರದಿಂದ ಬರುವ ಎಷ್ಟೋ ಮಕ್ಕಳ ಮನೆಯಲ್ಲಿ ಉರ್ದು, ಜಕ್ಕೂರಿನವರದು ಹಳ್ಳಿಯ ಕನ್ನಡ, ಉಳಿದವರದು ತಮಿಳೋ ತೆಲುಗೋ. ಬೀದಿಯಲ್ಲಿ ಆಟಕ್ಕೆ ಇಳಿದರೆ ಎಲ್ಲರದೂ ಕನ್ನಡವೇ. ಇಂಥವರಿಗೆ ಇಂಗ್ಲಿಷ್ ವ್ಯಾಕರಣವನ್ನು ಇಂಗ್ಲಿಷಿನಲ್ಲೇ ಹೇಳಿದರೆ ಸುಮ್ಮನೆ ತಲೆ ಆಡಿಸುತ್ತಾರೆ. ನಾನು ಯಲಹಂಕದ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂ ಓದಿ ಬಂದವಳು, ಕಾಲೇಜಿನಲ್ಲಿ ನಾನೂ ಹಾಗೆಯೇ ತಲೆ ಆಡಿಸಿದ್ದೆ.

ಹಾಗಾಗಿ ಕಷ್ಟದ ಪಾಠ ಬಂದ ದಿನ ಬಾಗಿಲು ಹಾಕಿ ಕನ್ನಡದಲ್ಲಿ ಹೇಳುತ್ತಿದ್ದೆ. ಹೊರಗೆ ಕಾರಿಡಾರ್ ಗುಡಿಸುವ ಆಯಮ್ಮನಿಗೆ ಇದೆಲ್ಲ ಗೊತ್ತಿತ್ತು. ಹೆಡ್ ಮಿಸ್ ರೌಂಡ್ಸಿಗೆ ಬರುವುದು ಕಂಡರೆ ಎರಡು ಸಲ ಗಟ್ಟಿಯಾಗಿ ಕೆಮ್ಮುತ್ತಿದ್ದಳು. ಕೆಮ್ಮು ಕೇಳಿದ್ದೇ ತಡ, ನನ್ನ ಬಾಯಿಗೆ ಇಂಗ್ಲಿಷ್ ಬಂದುಬಿಡುತ್ತಿತ್ತು, ಮಕ್ಕಳು ಮುಸಿಮುಸಿ ನಗುತ್ತಿದ್ದವು. "ನನ್ ಗಂಟ್ಲು ಕಿತ್ತೋಗದ್ರೊಳಗೆ ಪಾಠ ಮುಗ್ಸು ತಾಯಿ," ಎಂದು ಆಯಮ್ಮ ರೇಗಿಸುತ್ತಿದ್ದಳು.

ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದ್ದದ್ದು ಪ್ರಿಪೊಸಿಷನ್. ನಮ್ಮ ವಿಭಕ್ತಿ ಪ್ರತ್ಯಯ ಪದದ ಬಾಲದಲ್ಲಿ ಬಂದು ಅಂಟಿಕೊಳ್ಳುತ್ತದೆ. ಇಂಗ್ಲಿಷಿನದ್ದು ಪದದ ಮುಂದೆಯೇ ಬಂದು ನಿಲ್ಲುತ್ತದೆ, ಹಿಂದೆ ಬರುವ ಪದದ ರೂಪವನ್ನೇ ಬದಲಿಸುತ್ತದೆ. ಮಕ್ಕಳು 'ವಿತ್ ಹೀ' ಎಂದು ಬರೆಯುತ್ತಿದ್ದವು, 'ಆಫ್ಟರ್ ಈಟ್' ಎಂದು ಬರೆಯುತ್ತಿದ್ದವು. ನಾನೊಂದು ಉಪಾಯ ಮಾಡಿದೆ. ಫಾರ್, ವಿತ್, ಆಫ್ಟರ್, ವಿಥೌಟ್ ಇವೆಲ್ಲ ಹೊಸ್ತಿಲಲ್ಲಿ ಕೂತ ಅಜ್ಜಿಯರು ಎಂದೆ. "ಯಾರೇ ಬರ್ಲಿ, ಅಜ್ಜಿ ಏನಂತಾಳೆ? ಕಾಲು ತೊಳ್ಕೊಂಡು ಒಳಗ್ ಬಾ ಅಂತಾಳೆ. ಹೀ ಬಂದ, ಕಾಲು ತೊಳೆದ, ಹಿಮ್ ಆದ. ಐ ಬಂದ್ರೆ ಮೀ ಆಗ್ಬೇಕು. ಈಟ್ ಬಂದ್ರೆ ಈಟಿಂಗ್ ಆಗ್ದೆ ಒಳಗ್ ಬಿಡಲ್ಲ." ನಲವತ್ತು ಮಕ್ಕಳು ಒಟ್ಟಿಗೆ "ಕಾಲ್ ತೊಳ್ಕೊ" ಎಂದು ಕೂಗುತ್ತಿದ್ದವು. ಆಮೇಲೆ ಆ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ.

ಒಬ್ಬಳು ಮಾತ್ರ ಸುಮ್ಮನೆ ಒಪ್ಪುತ್ತಿರಲಿಲ್ಲ. ಜಕ್ಕೂರು ಹಳೇ ಊರಿನ ಹುಡುಗಿ, ಮೂರನೇ ಬೆಂಚು, ಎಣ್ಣೆ ಹಾಕಿ ಬಿಗಿದ ಎರಡು ಜಡೆ. ಒಂದು ದಿನ ಎದ್ದು ನಿಂತು, "ಮಿಸ್, ಟು ಗೋ ಅಂತೀವಲ್ಲ, ಅಲ್ಲಿ ಮಾತ್ರ ಯಾಕೆ ಕಾಲ್ ತೊಳ್ಯಲ್ಲ? ಇಂಗಾದ್ರೆ ಎಂಗೆ?" ಎಂದಳು. ನಾನು ಅಲ್ಲೇ ಕಥೆ ಕಟ್ಟಿ, "ಟು ಅಜ್ಜಿಗೆ ವಯಸ್ಸಾಗಿದೆ ಕಣೇ. ಮರೆವು. ಒಂದೊಂದ್ಸಲ ಹಾಗೇ ಒಳಗ್ ಬಿಟ್ಬಿಡ್ತಾಳೆ, ಒಂದೊಂದ್ಸಲ ನೆನಪಾಗಿ ತಡೀತಾಳೆ. ಯಾವಾಗ್ ತಡೀತಾಳೆ ಅಂತ ನಾವು ನೋಡಿ ಕಲೀಬೇಕು," ಎಂದೆ. ಅವಳು ನಕ್ಕ ನಗು ನನಗೆ ಇನ್ನೂ ನೆನಪಿದೆ. ಅವಳೆಂದರೆ ನನಗೆ ಜೀವ ಎಂದು ಸುಳ್ಳಿಲ್ಲದೆ ಹೇಳುತ್ತೇನೆ.

ಅದೇ ಹುಡುಗಿ ಹೋದ ವರ್ಷ ನಮ್ಮ ಶಾಲೆಗೆ ಟೀಚರುಗಳ ಪಾಠ ನೋಡಿಕೊಳ್ಳುವ ಕೋಆರ್ಡಿನೇಟರ್ ಆಗಿ ಬಂದಳು. ಶಾಲೆ ನಡೆಸುತ್ತಿದ್ದ ಹಳೇ ಸೆಕ್ರೆಟರಿ ಹಾಸಿಗೆ ಹಿಡಿದು ಅವರ ಮಗ ಶಾಲೆ ವಹಿಸಿಕೊಂಡಿದ್ದ. ಹೆಬ್ಬಾಳದ ಹೊಸ ಅಪಾರ್ಟ್‌ಮೆಂಟಿನವರು ಮಕ್ಕಳನ್ನು ಸೇರಿಸಬೇಕಾದರೆ ಟೀಚರುಗಳ ಇಂಗ್ಲಿಷ್ ಫಳಫಳ ಅನ್ನಬೇಕು ಎಂದು ಯಾರೋ ಅವನ ತಲೆಗೆ ತುಂಬಿದ್ದರು. ಆಯಮ್ಮನನ್ನು ಮನೆಗೆ ಕಳಿಸಿ ಹೌಸ್‌ಕೀಪಿಂಗ್ ಕಂಪನಿ ತಂದ. ನನ್ನ ಶಿಷ್ಯೆ ಜಡೆ ಕತ್ತರಿಸಿ, ಕುತ್ತಿಗೆಗೆ ಐಡಿ ಕಾರ್ಡು ಹಾಕಿ, ನನ್ನೆದುರು ನಿಂತು "ಗುಡ್ ಮಾರ್ನಿಂಗ್, ಮ್ಯಾಮ್" ಎಂದಳು. ಮೊದಲು ಮಿಸ್ ಆಗಿದ್ದವಳು ಈಗ ಮ್ಯಾಮ್ ಆಗಿದ್ದೆ. ಆದರೂ ಆವತ್ತು ನಾನು ಹೆಮ್ಮೆಯಿಂದ ಸ್ಟಾಫ್ ರೂಮಿನಲ್ಲೆಲ್ಲ ಹೇಳಿಕೊಂಡು ಬಂದೆ. ಎಂಥ ದಡ್ಡಿ ನಾನು!

ತಿಂಗಳೊಳಗೆ ಹೊಸ ಆರ್ಡರ್ ಬಂತು. ಹಳೇ ಟೀಚರುಗಳೂ ಡೆಮೊ ಕೊಡಬೇಕು. ಡೆಮೊ ಎಂದರೆ ಕೆಲಸ ಕೇಳಿಕೊಂಡು ಬಂದ ಹೊಸಬರು ಕೊಡುವ ಪಾಠ, ಎದುರಿಗೆ ಟೀಚರುಗಳೇ ಮಕ್ಕಳ ಹಾಗೆ ಬೆಂಚಿನ ಮೇಲೆ ಕೂತು ಕೇಳುವುದು. ಅದರಲ್ಲಿ ಪಾಸಾದರೆ ಏಳರಿಂದ ಹತ್ತರವರೆಗಿನ ಕ್ಲಾಸು ನಮ್ಮ ಕೈಯಲ್ಲಿ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ನನಗೆ ಬೇರೆ ಯಾವುದೂ ಬೇಡವಾಗಿತ್ತು. ಆ ಏಳನೇ ಕ್ಲಾಸು ಉಳಿದರೆ ಸಾಕಿತ್ತು. ಒಂದು ವಾರ ಕನ್ನಡಿ ಮುಂದೆ ನಿಂತು ಇಂಗ್ಲಿಷಿನಲ್ಲೇ ಪಾಠ ಹೇಳಿ ಅಭ್ಯಾಸ ಮಾಡಿದೆ, ಬೇಕೆಂದೇ ಪ್ರಿಪೊಸಿಷನ್ ಪಾಠವನ್ನು ಆರಿಸಿಕೊಂಡೆ.

ಡೆಮೊ ದಿನ ಮೊದಲ ಬೆಂಚಿನಲ್ಲಿ ಸೆಕ್ರೆಟರಿಯ ಮಗ, ಪಕ್ಕದಲ್ಲಿ ನಮ್ಮ ಪಾಠ ಅಳೆಯುವ ಫಾರ್ಮ್ ಹಿಡಿದು ನನ್ನ ಶಿಷ್ಯೆ, ಹಿಂದೆ ಉಳಿದ ಟೀಚರುಗಳು. ಹದಿನೈದು ನಿಮಿಷ ಒಂದು ತಪ್ಪಿಲ್ಲದೆ ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಇವಳು ಕೈ ಎತ್ತಿದಳು. ಡೆಮೊದಲ್ಲಿ ಯಾರಾದರೊಬ್ಬರು ಮಗುವಿನ ಹಾಗೆ ಪ್ರಶ್ನೆ ಕೇಳಬೇಕು, ಅದು ರೂಢಿ. ಇವಳು ಇಂಗ್ಲಿಷಿನಲ್ಲಿ ಕೇಳಿದ್ದು ಅದೇ ಪ್ರಶ್ನೆ. ಆಫ್ಟರ್ ಗೋಯಿಂಗ್ ಸರಿ, ಟು ಗೋ ಮಾತ್ರ ಯಾಕೆ ಹಾಗೇ ಉಳಿಯುತ್ತದೆ?

ಸಿಕ್ಕಿಸಿ ಹಾಕಲು ಕೇಳಿದಳೋ, ಪ್ರೀತಿಯಿಂದ ಕೇಳಿದಳೋ, ದೇವರಾಣೆ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಕಣ್ಣಿಗೆ ಮಾತ್ರ ಐಡಿ ಕಾರ್ಡು ಕಾಣಲಿಲ್ಲ, ಎರಡು ಜಡೆ ಕಂಡವು. ಚಾಕ್‌ಪೀಸ್ ಕೆಳಗಿಟ್ಟು ಸೀದಾ ಹೋಗಿ ಬಾಗಿಲು ಹಾಕಿದೆ, ಚಿಲಕ ಸರಿಸಿದೆ. ತಿರುಗಿ, "ಟು ಅಜ್ಜಿಗೆ ವಯಸ್ಸಾಗಿದೆ ಕಣೇ. ಮರೆವು," ಎಂದೆ. ಪೂರ್ತಿ ಕಥೆ ಹೇಳಿದೆ, ಹೊಸ್ತಿಲು, ಕಾಲು ತೊಳೆಯುವುದು, ಎಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದಾಗ ಎಚ್ಚರವಾಯಿತು. ಯಾರಿಗೆ ಕೇಳಿಸಬಾರದು ಎಂದು ಇಷ್ಟು ವರ್ಷ ಬಾಗಿಲು ಹಾಕುತ್ತಿದ್ದೆನೋ, ಅವರನ್ನು ಒಳಗೇ ಕೂರಿಸಿಕೊಂಡು ಬಾಗಿಲು ಹಾಕಿದ್ದೆ.

"ಮೇಡಂ, ಹೂ ಈಸ್ ದಿಸ್ ಗ್ರ್ಯಾನಿ?" ಎಂದು ಸೆಕ್ರೆಟರಿಯ ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಟೀಚರುಗಳೂ ನಕ್ಕರು. ಇವಳು ನಗಲಿಲ್ಲ, ತಲೆ ಬಗ್ಗಿಸಿ ಬರೆಯುತ್ತಿದ್ದಳು. ಈ ಅಜ್ಜಿಯ ಕೈ ಹಿಡಿದೇ ನಾನೂ ಒಳಗೆ ಬಂದವಳು ಎಂದು ಒಂದು ಮಾತು ಹೇಳಬಹುದಿತ್ತಲ್ಲ! ಮರುದಿನ ಸಹಿ ಹಾಕಲು ಫಾರ್ಮ್ ನನ್ನ ಕೈಗೇ ಬಂತು. ಪಾಠಕ್ಕೆ ಮಾತೃಭಾಷೆಯನ್ನು ಅತಿಯಾಗಿ ನೆಚ್ಚಿಕೊಂಡಿದ್ದಾರೆ, ದೊಡ್ಡ ತರಗತಿಗಳಿಗೆ ತಕ್ಕವರಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಆ ದುಂಡನೆಯ ಅಕ್ಷರ ನಾನೇ ಕಾಪಿ ಬರೆಸಿ ತಿದ್ದಿಸಿದ್ದು. ಓದಿ ಸಹಿ ಹಾಕಿದೆ.

ನನ್ನನ್ನು ಲೈಬ್ರರಿಗೆ ಹಾಕಿದರು. ಪುಸ್ತಕಕ್ಕೆ ನಂಬರ್ ಅಂಟಿಸುವುದು, ಯಾರಾದರೂ ರಜಾ ಹಾಕಿದರೆ ಆ ಕ್ಲಾಸನ್ನು ಗಲಾಟೆಯಾಗದಂತೆ ಕಾಯುವುದು. ಏಳನೇ ಕ್ಲಾಸಿನ ಇಂಗ್ಲಿಷನ್ನು ಇವಳೇ ತೆಗೆದುಕೊಂಡಳು. ಎದುರಿಗೆ ಸಿಕ್ಕರೆ ನಾನು ಮುಖ ತಿರುಗಿಸುತ್ತಿದ್ದೆ. ಹಾಳಾಗಿ ಹೋಗಲಿ ಎಂದು ಶಪಿಸಿದ್ದೂ ಉಂಟು, ಯಾಕೆ ಮುಚ್ಚಿಡಲಿ?

ದಸರಾ ರಜೆ ಮುಗಿದ ಮೇಲೆ ಒಂದು ಬೆಳಿಗ್ಗೆ ಪುಸ್ತಕಗಳ ಕಟ್ಟು ಹಿಡಿದು ಆ ಕಾರಿಡಾರಿನಲ್ಲಿ ಹೋಗುತ್ತಿದ್ದೆ. ಏಳನೇ ಕ್ಲಾಸಿನ ಬಾಗಿಲು ಹಾಕಿತ್ತು. ಒಳಗೆ ಯಾವುದೋ ಮಗು ಏನೋ ಕೇಳಿತು. ಆಮೇಲೆ ಇವಳ ದನಿ. "ಟು ಅಜ್ಜಿಗೆ ಮರೆವು ಕಣ್ರೋ. ಒಂದೊಂದ್ಸಲ ಕಾಲ್ ತೊಳೀದೆ ಇದ್ರೂ ಅಂಗೇ ಒಳಗ್ ಬಿಟ್ಬಿಡ್ತಾಳೆ." ಫಳಫಳ ಇಂಗ್ಲಿಷೆಲ್ಲ ಎಲ್ಲೋ ಹೋಗಿ ಜಕ್ಕೂರಿನ ಮಾತೇ ಬಾಯಿಗೆ ಬಂದಿತ್ತು. ನನ್ನ ಪಾಠ, ನನ್ನ ಅಜ್ಜಿ, ನನ್ನ ಬಾಗಿಲು!

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸೆಕ್ರೆಟರಿಯ ಮಗನ ಬೂಟಿನ ಸದ್ದು. ಅವನು ಫೋನ್ ನೋಡಿಕೊಂಡು ನನ್ನ ಕಡೆಗೇ ಬರುತ್ತಿದ್ದ. ನಾನು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ನಿಂತಿದ್ದರೆ ಸಾಕಿತ್ತು. ಅವನೇ ಬಾಗಿಲು ತಳ್ಳುತ್ತಿದ್ದ, ಅವನೇ ಕೇಳಿಸಿಕೊಳ್ಳುತ್ತಿದ್ದ, ಇವಳ ಫಾರ್ಮನ್ನೂ ಯಾರಾದರೂ ತುಂಬುತ್ತಿದ್ದರು. ಅದನ್ನು ನೋಡಲೆಂದೇ ನಾನು ಮೂರು ತಿಂಗಳಿಂದ ಕಾದಿದ್ದೆ.

ಒಳಗೆ ಮಕ್ಕಳು ಒಟ್ಟಿಗೆ "ಕಾಲ್ ತೊಳ್ಕೊ" ಎಂದು ಕೂಗಲು ಬಾಯಿ ತೆರೆಯುವ ಹೊತ್ತು ಅದು, ನನಗಲ್ಲದೆ ಇನ್ಯಾರಿಗೆ ಗೊತ್ತು? ನಾನು ಎರಡು ಸಲ ಗಟ್ಟಿಯಾಗಿ ಕೆಮ್ಮಿದೆ. ಒಳಗೆ ಕನ್ನಡ ಅರ್ಧಕ್ಕೆ ನಿಂತಿತು, ಇಂಗ್ಲಿಷ್ ಶುರುವಾಯಿತು. ಸೆಕ್ರೆಟರಿಯ ಮಗ ಬಾಗಿಲು ತಳ್ಳಿ ಇಣುಕಿ, ಖುಷಿಯಾಗಿ ತಲೆ ಆಡಿಸಿ ಮುಂದೆ ಹೋದ. ಹೋಗುವಾಗ, ನೆಗಡಿಯಿದ್ದರೆ ರಜಾ ಹಾಕಿ ಎಂದು ನನಗೇ ಬುದ್ಧಿ ಹೇಳಿದ.

ಬೆಲ್ ಆದಮೇಲೆ ಇವಳು ಲೈಬ್ರರಿಗೆ ಬಂದಳು. ಬಾಗಿಲ ಬಳಿ ನಿಂತು ಹಿಂದೆ ಮುಂದೆ ನೋಡಿ, "ಥ್ಯಾಂಕ್ಯೂ ಫಾರ್ ಸೇವಿಂಗ್ ಮೀ, ಮ್ಯಾಮ್," ಎಂದಳು. ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ಬಾಗಿಲು ಹಾಕಿ ಕನ್ನಡದಲ್ಲಿ ಹೇಳೇ ಎನ್ನಬೇಕು ಎನಿಸಿತು. "ನಾನ್ ಮಕ್ಕಳಿಗೋಸ್ಕರ ಕೆಮ್ಮಿದ್ದು," ಎಂದು ಹೇಳಿ ಪುಸ್ತಕಕ್ಕೆ ನಂಬರ್ ಅಂಟಿಸತೊಡಗಿದೆ.