ಒಂದು ಸೇತುವೆಗೆ ಮೂರು ಕಲ್ಲು

ಹುಮನಾಬಾದ್ ಬಿಟ್ಟು ಬಸವಕಲ್ಯಾಣದ ಕಡೆ ಹೊರಟರೆ, ಪಂಕ್ಚರ್ ಅಂಗಡಿ ದಾಟಿದ ಮೇಲೆ ಹೆದ್ದಾರಿಯ ಎಡಕ್ಕೆ ತಗಡಿನ ಶೆಡ್ಡೊಂದು ಸಿಗುತ್ತದೆ. ಅದರ ಗೋಡೆಗೆ ಕರಿ ಗ್ರಾನೈಟಿನ ಹಲಗೆಗಳು ಸಾಲಾಗಿ ಒರಗಿಕೊಂಡಿರುತ್ತವೆ. ಶೆಡ್ಡಿನ ಒಡೆಯ ತುಳಜಾರಾಮ, ವಯಸ್ಸು ಐವತ್ತೆಂಟು. ಎರಡೂ ತಾಲೂಕಿನಲ್ಲಿ ಎಲ್ಲಿ ಶಂಕುಸ್ಥಾಪನೆ ನಡೆದರೂ, ಗಣ್ಯರು ಪರದೆ ಸರಿಸಿದಾಗ ಕಾಣುವ ಕಲ್ಲು ಹೆಚ್ಚುಕಡಿಮೆ ಅವನ ಕೈಯದೇ ಆಗಿರುತ್ತದೆ.

ಅವನ ಅಪ್ಪ ಊರೂರು ತಿರುಗಿ ಬೀಸುವ ಕಲ್ಲಿಗೆ ಟಾಕಿ ಹೊಡೆಯುತ್ತಿದ್ದ. ಸವೆದ ಕಲ್ಲಿನ ಮೈಯನ್ನು ಉಳಿಯಿಂದ ಮತ್ತೆ ತರಿತರಿ ಮಾಡುವ ಕೆಲಸ ಅದು. ಹಿಟ್ಟಿನ ಗಿರಣಿ ಬಂದು ಆ ಕೆಲಸ ನಿಂತಿತು. ತುಳಜಾರಾಮ ಏಳನೆಯ ಇಯತ್ತೆಯವರೆಗೆ ಓದಿದ್ದ, ಅಕ್ಷರ ದುಂಡಗಿದ್ದವು. ಮೊದಮೊದಲು ಸಮಾಧಿ ಕಲ್ಲು ಕೆತ್ತಿದ. ಸತ್ತವರು ಕಡಿಮೆ, ಶಂಕುಸ್ಥಾಪನೆಗಳು ಹೆಚ್ಚು ಎಂಬುದು ಬೇಗನೆ ಗೊತ್ತಾಯಿತು.

ಈ ಕಲ್ಲಿಗೆ ಅದರದೇ ಒಂದು ಶಿಸ್ತುಂಟು. ಯಾರ 'ಅಮೃತ ಹಸ್ತ', ಯಾರ 'ಘನ ಉಪಸ್ಥಿತಿ', ಯಾರ 'ಅಧ್ಯಕ್ಷತೆ', ಯಾರ ಹೆಸರಿನ ಕೆಳಗೆ ಯಾರ ಹೆಸರು ಎಂಬುದೆಲ್ಲ ಮೇಲಿನಿಂದ ಪಟ್ಟಿಯಾಗಿ ಬರುತ್ತದೆ. ಬಹಳ ಹಿಂದೆ ಒಂದು ಸಲ ಒಬ್ಬ ಪಂಚಾಯತಿ ಸದಸ್ಯರ ಹೆಸರು ಒಂದು ಸಾಲು ಕೆಳಗಿಳಿದು, ಅವರ ಕಡೆಯ ಹುಡುಗರು ಬಂದು ಶೆಡ್ಡಿನ ಮುಂದೆಯೇ ಕಲ್ಲು ಒಡೆದು ಹಾಕಿದ್ದರು. ತಪ್ಪು ಪಟ್ಟಿಯಲ್ಲಿತ್ತು, ನಷ್ಟ ತುಳಜಾರಾಮನ ಪಾಲಿಗೆ ಬಂತು. ಅಂದಿನಿಂದ ಅವನು ಒಂದು ಪದ್ಧತಿ ಮಾಡಿಕೊಂಡ. ಕಲ್ಲಿನಷ್ಟೇ ಅಳತೆಯ ಬಟರ್ ಪೇಪರಿನ ಮೇಲೆ ಇಡೀ ಬರಹವನ್ನು ಮೊದಲು ಬರೆಯುವುದು, ಆರ್ಡರ್ ತಂದವನ ಸಹಿಯನ್ನು ತಾರೀಖಿನ ಸಮೇತ ಅದರ ಕೆಳಗೆ ಹಾಕಿಸಿಕೊಳ್ಳುವುದು, ಆಮೇಲೆಯೇ ಉಳಿ ಮುಟ್ಟುವುದು. ಕೆಲಸ ಮುಗಿದ ಕಾಗದಗಳನ್ನು ಸುರುಳಿ ಸುತ್ತಿ ಹೆಂಡತಿ ಜಗದೇವಿಯ ಹಳೇ ಟ್ರಂಕಿನಲ್ಲಿ ಇಡುತ್ತಿದ್ದ. ಇಪ್ಪತ್ತೆರಡು ವರ್ಷದ ಸರ್ಕಾರ ಆ ಟ್ರಂಕಿನಲ್ಲಿತ್ತು.

ಯಾವ ಪಕ್ಷ ಬಂದರೂ ಅವನಿಗೆ ಒಂದೇ. "ಹೆಸರು ಬದಲಾಗ್ತಾವ, ಅಮೃತ ಹಸ್ತ ಬದಲಾಗಂಗಿಲ್ಲ" ಎನ್ನುತ್ತಿದ್ದ. ಮತ ಹಾಕಿ ಬಂದ ದಿನವೂ ಶೆಡ್ಡು ತೆರೆಯುತ್ತಿದ್ದ. ಒಂದು ದಿನ ರೊಟ್ಟಿ ಕಟ್ಟಿಕೊಂಡು ಬಂದ ಪೇಪರಿನಲ್ಲಿ ದೇಶದ ಸಾಲದ ಸುದ್ದಿಯಿತ್ತು, ತಲೆಗೆ ಇಷ್ಟಿಷ್ಟು ಎಂದು ಲೆಕ್ಕ ಹಾಕಿದ್ದರು. ಅವನು ಓದಿ ಹೇಳಿದ. ಜಗದೇವಿ ಪುಂಡಿಪಲ್ಲೆ ಬಡಿಸುತ್ತ ಕೇಳಿದಳು, "ನನ್ನ ತಲಿ ಮ್ಯಾಲೂ ಅದ ಏನು?"

"ಎಲ್ಲಾರ ತಲಿ ಮ್ಯಾಲೂ ಅದ."

"ತಗೊಳ್ಳೋ ಮುಂದ ನನ್ನ ಒಂದು ಮಾತು ಕೇಳಿದ್ರೇನು? ಸೊಸೈಟಿಯಾಗ ಐದು ಸಾವಿರ ಕೊಡಬೇಕಂದ್ರ ಇಬ್ಬರು ಜಾಮೀನು ಕೇಳ್ತಾರ."

ಅವನು ನಕ್ಕು ಉಂಡು ಎದ್ದ. ಆ ವಿಷಯ ಅಲ್ಲಿಗೆ ಮುಗಿಯಿತು.

ಕಳೆದ ವರ್ಷ ಮಳೆಗಾಲ ಹಿಂದಾದ ಮೇಲೆ ಒಂದು ಮಧ್ಯಾಹ್ನ ಬಸವಕಲ್ಯಾಣದ ವಕೀಲೆ ವಿದ್ಯಾವತಿ ಶೆಡ್ಡಿಗೆ ಬಂದಳು. ಮುಡಬಿಯ ದಾರಿಯಲ್ಲಿ ಸಿಗುವ ಒಂದು ಸಣ್ಣ ಊರು ಅವಳ ತವರು. ಊರಿಗೂ ಹೊಲಗಳಿಗೂ ನಡುವೆ ಒಂದು ಹಳ್ಳ. ಮಳೆ ಬಂದರೆ ತೊಗರಿ ತುಂಬಿದ ಬಂಡಿ ಹನ್ನೊಂದು ಕಿಲೋಮೀಟರು ಸುತ್ತಬೇಕು, ಹೈಸ್ಕೂಲಿನ ಹುಡುಗಿಯರು ಮನೆಯಲ್ಲೇ ಕೂಡಬೇಕು. ಆ ಹಳ್ಳಕ್ಕೆ ಸೇತುವೆ ಕಟ್ಟುವುದಾಗಿ ಹದಿನಾಲ್ಕು ವರ್ಷದಲ್ಲಿ ಮೂರು ಸಲ ಶಂಕುಸ್ಥಾಪನೆ ಆಗಿತ್ತು. ಸೇತುವೆಯ ದುಡ್ಡು ಎಲ್ಲಿ ಹೋಯಿತೆಂದು ವಿಚಾರಿಸಬೇಕೆಂದು ವಿದ್ಯಾವತಿ ಅರ್ಜಿ ಕೊಟ್ಟಿದ್ದಳು, ವಿಚಾರಣೆಗೆ ತಾರೀಖು ಬಿದ್ದಿತ್ತು.

"ಕಾಕಾ, ಮೂರೂ ಕಲ್ಲು ನಿಮ್ಮ ಕೈಯಾವೇ. ನಿಮ್ಮ ಕಡೆ ಸಹಿ ಮಾಡಿದ ಕಾಗದ ಇರ್ತಾವಂತ ಕೇಳೀನಿ. ಅವು ಬೇಕಾಗಿತ್ತು."

ತುಳಜಾರಾಮ ಗ್ರೈಂಡರ್ ನಿಲ್ಲಿಸಿದ. ಮೂರು ಕಾಗದಗಳೂ ಅವನ ಕಣ್ಣ ಮುಂದೆ ಬಂದವು. ಅಂದಾಜು ಮೊತ್ತ ಮೊದಲನೆಯದರಲ್ಲಿ ನಲವತ್ತೆಂಟು ಲಕ್ಷ, ಎರಡನೆಯದರಲ್ಲಿ ಒಂದು ಕೋಟಿ ಹತ್ತು ಲಕ್ಷ, ಮೂರನೆಯದರಲ್ಲಿ ಎರಡು ಕೋಟಿ ಅರವತ್ತೈದು ಲಕ್ಷ. ಮೂರನೆಯ ಸಲ ಕೆತ್ತುವಾಗ ಇದೇ ಹಳ್ಳವಲ್ಲವೇ ಎಂದು ಅನಿಸಿತ್ತು. ಅನಿಸಿದ್ದನ್ನು ಬಾಯಿಬಿಟ್ಟು ಹೇಳುವುದು ಅವನ ಕೆಲಸವಾಗಿರಲಿಲ್ಲ.

"ವಕೀಲ ಬಾಯಿ, ನನ್ನ ಹತ್ತು ಕಲ್ಲಿನಾಗ ಏಳು ಅಶೋಕಕುಮಾರ ತರೋವು. ಆ ಮೂರು ಕಾಗದದ ಮ್ಯಾಲೂ ಅವಂದೇ ಸಹಿ ಅದ. ನಾ ಅವು ಕೊಟ್ಟೆ ಅಂದ್ರ ನಾಳಿಂದ ಈ ಶೆಡ್ಡಿನಾಗ ನಾ ಏನು, ಸಮಾಧಿ ಕೆತ್ಗೋತ ಕೂಡಬೇಕೇನು?"

ಅಶೋಕಕುಮಾರ ಗುತ್ತಿಗೆದಾರ. ಆಡಳಿತ ಬದಲಾದಾಗೆಲ್ಲ ಅವನ ಗಾಡಿಯ ಹಿಂದಿನ ಗಾಜಿನ ಮೇಲಿನ ಫೋಟೋ ಮಾತ್ರ ಬದಲಾಗುತ್ತಿತ್ತು.

ವಿದ್ಯಾವತಿ ಒತ್ತಾಯ ಮಾಡಲಿಲ್ಲ. "ಕಾಗದ ಆಮ್ಯಾಲ ನೋಡೋಣ್ರಿ. ಕಲ್ಲಾದ್ರೂ ತೋರಿಸ್ರಿ. ನೀವು ಗುರ್ತು ಹಿಡೀತೀರಿ, ನಾ ಫೋಟೋ ತಗೋತೀನಿ" ಎಂದಳು. ಕಲ್ಲು ತೋರಿಸುವುದರಲ್ಲಿ ಅವನಿಗೆ ತಪ್ಪೇನೂ ಕಾಣಲಿಲ್ಲ. ತಾನು ಕೆತ್ತಿದ ಕಲ್ಲು ಈಗ ಹೇಗಿದೆ ಎಂದು ನೋಡುವ ಆಸೆಯೂ ಸ್ವಲ್ಪ ಇತ್ತು.

ಭಾನುವಾರ ಇಬ್ಬರೂ ಶೇರ್ ಆಟೋದಲ್ಲಿ ಹೋದರು. ಮೂರನೆಯ ಕಲ್ಲು ಹಳ್ಳದ ದಂಡೆಯಲ್ಲಿ ಕಟ್ಟೆಯ ಮೇಲೆ ನಿಂತಿತ್ತು. ಬಂಗಾರದ ಬಣ್ಣ ಉದುರಿತ್ತು, ನೆರಳಿಗೆ ಎರಡು ಆಡು ಮಲಗಿದ್ದವು. ಎರಡನೆಯದು ಗಿರಣಿಯ ಮೆಟ್ಟಿಲಾಗಿತ್ತು. ಗಿರಣಿಯವನು ಅಕ್ಷರವನ್ನು ಮೇಲೆ ಮಾಡಿಯೇ ಕೂಡಿಸಿದ್ದ, ಹಿಟ್ಟು ಬಿದ್ದರೂ ಕಾಲು ಜಾರುವುದಿಲ್ಲ ಎಂದು. ಮೊದಲನೆಯದು ಬಾಳಮ್ಮ ಎಂಬ ಮುದುಕಿಯ ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ, ಅಕ್ಷರದ ಬದಿ ಕೆಳಗಾಗಿ, ಎರಡು ಗುಂಡುಕಲ್ಲುಗಳ ಮೇಲೆ ಕೂತಿತ್ತು.

ತಿರುವಿ ನೋಡುತ್ತೇವೆ ಎಂದಿದ್ದೇ ತಡ, ಬಾಳಮ್ಮ ಬಂದು ಕಲ್ಲಿನ ಮೇಲೆ ಕೂತುಬಿಟ್ಟಳು.

"ಒಯ್ಯಾಕ ಬಂದೀರೇನು?"

"ಇಲ್ಲ ಆಯಿ, ಫೋಟೋ ತಗೊಂಡು ಹಂಗೇ ಇಡ್ತೀವಿ" ಎಂದಳು ವಿದ್ಯಾವತಿ.

"ಇವತ್ತು ಫೋಟೋ ತಗೋತೀರಿ. ನಾಳೆ ಜೀಪ್ ಬರ್ತದ, ಪುರಾವೆ ಅಂತ ಹೇರಿಕೊಂಡು ಹೋಗ್ತದ. ಸರ್ಕಾರ ಈ ಊರಿಗೆ ಕೊಟ್ಟಿದ್ದರಾಗ ನನ್ನ ಕೈಗೆ ಹತ್ತಿದ್ದು ಇದೊಂದೇ. ಇದರ ಮ್ಯಾಲೂ ಕಣ್ಣು ಹಾಕೀರಲ್ಲ!"

"ನಿಮಗ ಬ್ರಿಜ್ ಬ್ಯಾಡೇನು ಆಯಿ?"

"ಬೇಕು ಯಾಕ ಬ್ಯಾಡ? ನನಗ ಹಲ್ಲೂ ಬೇಕಾಗ್ಯಾವ. ನಿನ್ನ ಅರ್ಜಿಯಿಂದ ಬರ್ತಾವೇನು?"

ಗೋಡೆಯ ಆಚೆ ಯಾರೋ ನಕ್ಕರು. ತುಳಜಾರಾಮ ಮುದುಕಿ ಕೂತ ಹಾಗೆಯೇ ಇರಲಿ ಎಂದು ಮೊಣಕಾಲೂರಿ, ಕಲ್ಲಿನ ಅಡಿಗೆ ಕೈ ತೂರಿಸಿದ. ಸಾಬೂನಿನ ಲೋಳೆಯ ನಡುವೆ ಬೆರಳಿಗೆ ಅಕ್ಷರ ಸಿಕ್ಕವು. ಕಣ್ಣು ಮುಚ್ಚಿ ಒಂದೊಂದೇ ಸಾಲು ಓದಿ ಹೇಳಿದ. ಮೊತ್ತದ ಸಾಲಿಗೆ ಬಂದಾಗ ಬಾಳಮ್ಮ ಬಗ್ಗಿ ಕೇಳಿದಳು, "ಎಷ್ಟಂದಿ?"

"ನಲವತ್ತೆಂಟು ಲಕ್ಷ."

"ಇವರ ಮನಿ ಹಾಳಾಗಲಿ! ಇಷ್ಟು ದಿನ ಅಷ್ಟು ರೊಕ್ಕದ ಮ್ಯಾಲ ಧೋತರ ಒಗ್ಯಾಕತ್ತೀನಲ್ಲ! ಎಲ್ಲಾ ಯಾರು ತಿಂದ್ರಪ್ಪ?"

"ಯಾರೋ ತಿಂದಾರ" ಎಂದ ತುಳಜಾರಾಮ. ಊರೆಲ್ಲ ಹಾಗೆಯೇ ನಂಬಿತ್ತು, ಅವನೂ ನಂಬಿದ್ದ. ಅಕ್ಷರವೊಂದೂ ಸವೆದಿರಲಿಲ್ಲ. ಕೈ ತೊಳೆದುಕೊಳ್ಳುವಾಗ ಅವನಿಗೆ, ಇಷ್ಟು ಆಳವಾಗಿ ತಾನು ಸುಳ್ಳು ಕೆತ್ತಬಾರದಿತ್ತೇನೋ ಅನಿಸಿತು. ಆಟೋ ಇಳಿಯುವಾಗ ವಿದ್ಯಾವತಿಗೆ ಹೇಳಿದ, "ಕಾಗದ ತರ್ತೀನಿ. ತಾರೀಖು ಹೇಳ್ರಿ."

ಜಗದೇವಿ ಟ್ರಂಕು ತೆಗೆದುಕೊಟ್ಟಳಾದರೂ ಮುಖ ಗಂಟು ಹಾಕಿದ್ದಳು. "ನೀ ಧರ್ಮರಾಯ ಆಗು. ಅಶೋಕಕುಮಾರ ಬೀದರಿಂದ ಕಂಪ್ಯೂಟರ್ ಮೆಷಿನ್ನಿನ ಕಲ್ಲು ತರಸ್ತಾನ, ನಾವು ಉಪ್ಪು ನೆಕ್ಕೋಣ."

"ಆಗಲಿ" ಎಂದ ಅವನು. ಮೂರು ಸುರುಳಿ ಆರಿಸಿ ತೆಗೆದ.

ವಿಚಾರಣೆ ಬಸವಕಲ್ಯಾಣದ ಒಂದು ಕಚೇರಿಯಲ್ಲಿ ನಡೆಯಿತು. ಅಧಿಕಾರಿ ಕೂಗಾಡುವ ಮನುಷ್ಯನಲ್ಲ. ಕೂಡ್ರಿ ಎಂದರು, ಚಹಾ ತರಿಸಿದರು. ಮೂರು ಬಟರ್ ಪೇಪರುಗಳನ್ನು ಮೇಜಿನ ಮೇಲೆ ಹಾಸಿ, ಮೂಲೆಗೆ ಪೇಪರ್‌ವೇಟ್ ಇಟ್ಟು ನಿಧಾನವಾಗಿ ಓದಿದರು. ಅಕ್ಷರ ಚೆನ್ನಾಗಿದೆ ಎಂದು ಮೆಚ್ಚಿಕೊಂಡರು. ಆಮೇಲೆ ಮೂರು ಕಡತ ತೆರೆದರು.

ಮೊದಲನೆಯ ಸಲ ಮಂಜೂರಾತಿಯೇ ಬಂದಿರಲಿಲ್ಲ. ಚುನಾವಣೆ ಹತ್ತಿರವಿದ್ದುದರಿಂದ ಶಂಕುಸ್ಥಾಪನೆ ಮೊದಲು ಆಗಿತ್ತು. ಎರಡನೆಯ ಸಲ ಟೆಂಡರಿಗೆ ಯಾರೂ ಬರಲಿಲ್ಲ. ಮೂರನೆಯ ಸಲ ಬೇರೆ ಯೋಜನೆಗೆ ದುಡ್ಡು ಸಾಲದೆ ಇದರ ಅನುದಾನ ಹಿಂದಕ್ಕೆ ಹೋಯಿತು.

"ಹಣ ಬಿಡುಗಡೆ ಆಗಿದ್ದರೆ ಯಾರೋ ತಿಂದರು ಅನ್ನಬಹುದಿತ್ತು, ಮೇಡಂ. ಬಿಡುಗಡೆಯೇ ಆಗಿಲ್ಲ. ಯಾವುದು ದುರುಪಯೋಗ ಅಂತ ಬರೀಲಿ?"

"ಒಂದು ಪೈಸೆನೂ ಖರ್ಚಾಗಿಲ್ಲೇನ್ರಿ?" ವಿದ್ಯಾವತಿಯ ದನಿ ಇಳಿದಿತ್ತು.

"ಕಾರ್ಯಕ್ರಮದ ಖರ್ಚು ಆಗಿದೆ. ಶಾಮಿಯಾನ, ಹಾರ, ಉಪಾಹಾರ, ಶಿಲಾಫಲಕ." ಅವರು ಬೆರಳಿಟ್ಟು ಓದಿದರು. "ಶಿಲಾಫಲಕಕ್ಕೆ ಮೂರೂ ಸಲ ಸೇರಿ ಮೂವತ್ತೊಂದು ಸಾವಿರದ ಐನೂರು. ಸಂದಾಯ ಆಗಿದ್ದು ತುಳಜಾರಾಮ, ಹುಮನಾಬಾದ್ ಅವರಿಗೆ. ನೀವೇ ಅಲ್ಲವೇ?"

"ಹೌದ್ರಿ, ನಾನೇ."

"ಮುಟ್ಟಿದೆಯಲ್ಲ?"

"ಮುಟ್ಟ್ಯಾದ್ರಿ."

ಹೇಳಿಕೆಯ ಕೆಳಗೆ ಸಹಿ ಹಾಕಿಸಿಕೊಂಡು, ಅರ್ಜಿ ಮುಕ್ತಾಯಗೊಳಿಸಲಾಗಿದೆ ಎಂದು ಬರೆದರು. ಹೊರಗೆ ಬಂದಾಗ ವಿದ್ಯಾವತಿ ಬಹಳ ಹೊತ್ತು ಸ್ಕೂಟಿಯ ಕೀಲಿ ಹುಡುಕಿದಳು. ಅದು ಅವಳ ಕೈಯಲ್ಲೇ ಇತ್ತು. "ಕಳ್ಳ ಸಿಕ್ಕಿದ್ರ ಜಗಳನಾದ್ರೂ ಮಾಡಬಹುದಿತ್ತು ಕಾಕಾ" ಎಂದಳು. ತುಳಜಾರಾಮ ಬಸ್‌ಸ್ಟ್ಯಾಂಡಿಗೆ ನಡೆದ.

ಮನೆಯಲ್ಲಿ ಜಗದೇವಿ ಹೊಸ್ತಿಲಲ್ಲೇ ಕೇಳಿದಳು, "ಏನಾತು?"

"ಬ್ರಿಜ್ಜಿನ ರೊಕ್ಕ ತಿಂದಾಂವ ಸಿಕ್ಕ."

"ಯಾರು?"

"ನಾನು."

ಅವಳು ಅವನ ಮುಖ ನೋಡಿದಳು. ಅವನು ಎಲ್ಲ ಹೇಳಿದ. ಅವಳಿಗೆ ನಗು ತಡೆಯಲಾಗಲಿಲ್ಲ. "ಹಂಗಾದ್ರ ಈ ಮಿಕ್ಸರ್, ಆ ಕಪಾಟು, ಎಲ್ಲಾ ಬ್ರಿಜ್ಜೇ ಅನ್ನು" ಎಂದಳು. ಅವನೂ ನಗಬೇಕೆಂದುಕೊಂಡ, ಆಗಲಿಲ್ಲ. ಕಲ್ಲು ಕೊಟ್ಟಿದ್ದೇನೆ, ಕೂಲಿ ತೆಗೆದುಕೊಂಡಿದ್ದೇನೆ, ಅದರಲ್ಲಿ ಮೋಸವಿಲ್ಲ. ಆದರೂ ಇಪ್ಪತ್ತೆರಡು ವರ್ಷ ತಾನು ರಸ್ತೆಯ ಪಕ್ಕ ನಿಂತು ನೋಡುವವನು ಎಂದುಕೊಂಡಿದ್ದ. ಆ ಕಡತದಲ್ಲಿ ಮೆರವಣಿಗೆಯ ಒಳಗೆ ಅವನ ಹೆಸರಿತ್ತು.

ಅಶೋಕಕುಮಾರನ ಗಾಡಿ ಬಂದು ನಿಂತಿದ್ದು ಹನ್ನೆರಡು ದಿನಗಳ ಮೇಲೆ. ತುಳಜಾರಾಮ ಬೈಗುಳಕ್ಕೆ ತಯಾರಾಗಿಯೇ ಎದ್ದು ನಿಂತ. ಅಶೋಕಕುಮಾರ ನಗುತ್ತ ಇಳಿದ.

"ಏನೋ ಮಾಮಾ, ಸಾಕ್ಷಿ ಹೇಳಾಕ ಹೋಗಿದ್ದಿಯಂತ?"

"ಹೋಗಿದ್ದೆ."

"ಹೋಗು ಹೋಗು. ಒಂದು ಕಪ್ ಚಹಾ ಆತಲ್ಲ, ಫುಕಟ್." ಅವನು ಜೇಬಿನಿಂದ ಪಟ್ಟಿ ತೆಗೆದ. "ಮೂರು ಆರ್ಡರ್ ಅದಾವ. ಒಂದು ಮೋರಖಂಡಿ ಕಡೆ ಶಾಲಿ ಕೋಣಿದು, ಒಂದು ಸಮುದಾಯ ಭವನ. ಇನ್ನೊಂದು ನಿನಗ ಗೊತ್ತಿರೋ ಹಳ್ಳದ್ದೇ. ಈ ಸಲ ನಾಲ್ಕು ಕೋಟಿ. ಖರೇ ಆಗ್ತದ ನೋಡು, ಸರ್ಕಾರ ಹೊರಗಿಂದ ಸಾಲ ತಂದದ."

ಸಿಟ್ಟಿನ ಒಂದು ಗೆರೆಯೂ ಆ ಮುಖದಲ್ಲಿರಲಿಲ್ಲ. ಹನ್ನೆರಡು ದಿನ ನಿದ್ದೆಗೆಟ್ಟು ಹೆದರಿದ್ದು ಯಾವುದಕ್ಕೆ ಎಂದು ತುಳಜಾರಾಮ ಯೋಚಿಸಿದ. ಅವನ ಮಾತಿನಿಂದ ಯಾರಿಗೂ ಏನೂ ಆಗಿರಲಿಲ್ಲ. ಶೆಡ್ಡು ಉಳಿದಿತ್ತು, ಆರ್ಡರ್ ಉಳಿದಿತ್ತು.

"ಹಳ್ಳದ್ದು ನನ್ನಿಂದ ಆಗಂಗಿಲ್ಲ" ಎಂದ.

"ಯಾಕ? ರೇಟ್ ಜಾಸ್ತಿ ಬೇಕೇನು?"

"ರೇಟ್ ಅಲ್ಲ. ಕಂಬ ಏಳಲಿ. ಎದ್ದ ಮ್ಯಾಲ ಬರ್ರಿ, ಫುಕಟ್ ಕೆತ್ತಿ ಕೊಡ್ತೀನಿ."

"ನೀ ಕೆತ್ತದಿದ್ರ ಫ್ಲೆಕ್ಸ್ ಹಾಕಿಸ್ತೀನಿ. ಕಾರ್ಯಕ್ರಮ ನಿಲ್ತದ ಅಂತ ತಿಳ್ಕೊಂಡಿಯೇನು?"

"ಅದು ಹ್ಯಾಂಗ ನಿಲ್ತದ? ಹಾಕಸ್ರಿ."

ಅಶೋಕಕುಮಾರ ಇವನಿಗೆ ಹುಚ್ಚು ಹಿಡಿದಿದೆಯೋ ಏನೋ ಎಂಬಂತೆ ತಲೆಯಾಡಿಸಿದ. "ಉಳಿದ ಎರಡಾದ್ರೂ ಮಾಡ್ತಿಯೋ ಇಲ್ಲೋ?"

"ಶಾಲಿ ಕೋಣಿದು ಕೆಲಸ ಚಾಲೂ ಆಗ್ಯಾದೇನು?"

"ಆಗ್ಯಾದಂತ. ನಾ ಏನು ನೋಡಾಕ ಹೋಗೀನಿ?"

"ಹಂಗಾದ್ರ ನಾ ನೋಡಿ ಬರ್ತೀನಿ. ನಾಳೆ ಹೇಳ್ತೀನಿ."

ಗಾಡಿ ಹೊರಟುಹೋಯಿತು. ಪಟ್ಟಿಯನ್ನು ಅಶೋಕಕುಮಾರ ಜೇಬಿಗೆ ಹಾಕಿಕೊಂಡೇ ಹೋದ, ಸಮುದಾಯ ಭವನದ ಆರ್ಡರ್ ಕೈತಪ್ಪಿದಂತೆಯೇ. ಜಗದೇವಿಗೆ ಈ ಸುದ್ದಿ ಹೇಳುವುದು ಹೇಗೆ ಎಂದು ತುಳಜಾರಾಮನಿಗೆ ತಿಳಿಯಲಿಲ್ಲ. ಸಂಜೆ ಹೇಳಿದ. ಅವಳು ಎರಡು ರೊಟ್ಟಿ ಜಾಸ್ತಿ ಬಡಿದು, ಬೆಳಿಗ್ಗೆಯ ಬುತ್ತಿಗೆ ಕಟ್ಟಿಟ್ಟಳು.

ಮರುದಿನ ಅವನು ಬಸವಕಲ್ಯಾಣದ ಬಸ್ ಹತ್ತಿದ. ಅಲ್ಲಿಂದ ಆಟೋ, ಆಮೇಲೆ ನಡಿಗೆ. ಶಾಲೆಯ ಹಿಂದೆ ಪಾಯ ತೋಡಿದ್ದರು. ನಾಲ್ಕು ಮೂಲೆಗೆ ಸರಳುಗಳು ಎದ್ದಿದ್ದವು, ಉಸುಕಿನ ಗುಡ್ಡೆಯ ಮೇಲೆ ಮಕ್ಕಳು ಜಾರುತ್ತಿದ್ದರು. ಗೌಂಡಿಯೊಬ್ಬ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಯಾರ್ರೀ ನೀವು? ಇನ್‌ಸ್ಪೆಕ್ಷನ್ನಿಗೆ ಬಂದೀರೇನು?" ಎಂದು ಬೀಡಿ ಬಚ್ಚಿಟ್ಟ.

"ಇಲ್ಲಪ್ಪ, ಬೋರ್ಡ್ ಬರೆಯೋನು. ಎಲ್ಲಿತನಕ ಬಂದದ ಅಂತ ನೋಡಾಕ ಬಂದೀನಿ."

ತುಳಜಾರಾಮ ಪಾಯದೊಳಗೆ ಇಳಿದ. ಸರಳನ್ನು ಹಿಡಿದು ಅಲುಗಾಡಿಸಿ ನೋಡಿದ, ಗಟ್ಟಿಯಾಗಿತ್ತು. ಮೇಲೆ ಬಂದು ಅಶೋಕಕುಮಾರನಿಗೆ ಫೋನ್ ಹಚ್ಚಿ, ಶಾಲೆಯ ಕಲ್ಲಿನ ಪಟ್ಟಿ ಕಳಿಸ್ರಿ ಎಂದ.