ಗೊರಕೆಗೆ ಮೊದಲ ಸ್ಥಾನ

ಆ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದವರೆಲ್ಲ ಮೊದಲು ಕೇಳುತ್ತಿದ್ದದ್ದು ಅವಳ ದನಿಯನ್ನು. ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಬಂದ ಕರೆಗಳನ್ನು ಆಯಾ ವಾರ್ಡಿಗೆ ಕೊಡುವುದು ಅವಳ ಕೆಲಸ. ಗಾಬರಿಯಲ್ಲಿ ಯಾವ ವಾರ್ಡೆಂದು ಹೇಳಲಾಗದೆ ತಡವರಿಸುವವರನ್ನೂ ಎರಡು ಮಾತಿನಲ್ಲಿ ಸಮಾಧಾನಪಡಿಸಿ ಸರಿಯಾದ ಜಾಗಕ್ಕೆ ಮುಟ್ಟಿಸುತ್ತಿದ್ದಳು. ಡಾಕ್ಟರರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರಿಗೂ ಅವಳು ‘ಹಲೋ ಅಕ್ಕ’. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, “ದಿನವಿಡೀ ಊರವರ ಮಾತು ಕೇಳ್ತೀನಿ. ಮನೆಗೆ ಹೋದ್ಮೇಲೂ ಒಬ್ಬನದ್ದು ಕೇಳ್ಬೇಕಾ?” ಎಂದು ನಗುತ್ತಿದ್ದಳು.

ಆದರೂ ಒಬ್ಬನ ಮಾತು ಕೇಳಲೇಬೇಕಿತ್ತು. ಅದು ತಮ್ಮನದು. ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವ ಅಂಗಡಿ ಅವನದು. ಹೆಂಡತಿ ತೀರಿಕೊಂಡ ಮೇಲೆ ಸಂಜೆಗಳನ್ನೆಲ್ಲ ಅಕ್ಕನ ಮನೆಯಲ್ಲೇ ಕಳೆಯುತ್ತಿದ್ದ. ಬಂದವನೇ ರೆಕಾರ್ಡು ಹಾಕುತ್ತಿದ್ದ.

ಹರೆಯದಲ್ಲಿ ಇಬ್ಬರೂ ಸೇರಿ ಕೊಂಡಿದ್ದ ಎಲ್‌ಪಿ ಅದು. ಯಾವುದೋ ದೂರದೇಶದ ರಾಕ್ ತಂಡದ್ದು. ಅದರಲ್ಲಿ ಗಿಟಾರು ಹಿಂದೆ, ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಮುಂದೆ. ಹಾಡುಗಳ ಭಾಷೆ ತಿಳಿಯದ್ದರಿಂದ ಅಕ್ಕ ತಮ್ಮ ತಾವೇ ಅವಕ್ಕೆ ಹೆಸರಿಟ್ಟಿದ್ದರು. ಸ್ವರ ಮಹಡಿಯಿಂದ ಮಹಡಿಗೆ ಏರುವುದು ‘ಲಿಫ್ಟು’. ತೊಟ್ಟು ತೊಟ್ಟಾಗಿ ಉದುರುವುದು ‘ನಲ್ಲಿ’. ಡ್ರಮ್ಮಿಗೂ ಆರ್ಗನ್ನಿಗೂ ಹಾವು ಮುಂಗುಸಿಯ ಸಂಬಂಧವಿದ್ದದ್ದು ‘ಜಗಳ’. ಇನ್ನೊಂದು ‘ಜೇನುಗೂಡು’. ರೆಕಾರ್ಡಿನ ಹಿಂಬದಿಯನ್ನು ಪೂರ್ತಿ ಒಂದೇ ಹಾಡು ಆಕ್ರಮಿಸಿತ್ತು. ದಪ್ಪ ಸ್ವರವೊಂದು ಮೆಲ್ಲಗೆ ಉಬ್ಬಿ ಮೆಲ್ಲಗೆ ಇಳಿಯುತ್ತಿತ್ತು. ಅದು ‘ತಾತನ ಗೊರಕೆ’.

ಇವುಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂಬ ವಾದ ಹರೆಯದಲ್ಲಿ ಶುರುವಾದದ್ದು ತಲೆ ನರೆತರೂ ಮುಗಿದಿರಲಿಲ್ಲ. ತಮ್ಮನಿಗೆ ಲಿಫ್ಟೇ ಮೊದಲು. ಅಕ್ಕನಿಗೆ ನಲ್ಲಿ. ಇಬ್ಬರೂ ಒಪ್ಪುತ್ತಿದ್ದದ್ದು ಒಂದೇ ಸಂಗತಿಯನ್ನು: ಗೊರಕೆಗೆ ಕೊನೆಯ ಸ್ಥಾನ. “ಅದು ಶುರುವಾಗೋದ್ರೊಳಗೆ ನಂಗೆ ಇನ್ನಷ್ಟು ವಯಸ್ಸಾಗತ್ತೆ,” ಎನ್ನುತ್ತಿದ್ದಳು ಅಕ್ಕ.

ಒಂದು ಬೆಳಿಗ್ಗೆ ಕೆಲಸದಲ್ಲಿ ಕರೆ ಎತ್ತಿಕೊಂಡವಳಿಗೆ ‘ಹಲೋ’ ಬಾಯಿಗೆ ಬರಲಿಲ್ಲ. ಬಲಗೈ ಮೇಜಿನಿಂದ ಜಾರಿತು. ಪಾರ್ಶ್ವವಾಯು ಬಡಿದಿತ್ತು. ಆಸ್ಪತ್ರೆಯೊಳಗೇ ಇದ್ದದ್ದರಿಂದ ಜೀವ ಉಳಿಯಿತು. ಕೆಲವು ವಾರಗಳಲ್ಲಿ ಕೋಲು ಹಿಡಿದು ನಡೆದಾಡುವಂತಾದಳು. ಮಾತು ಮಾತ್ರ ಹೋಯಿತು. ಎಲ್ಲ ಕೇಳುತ್ತದೆ, ಎಲ್ಲ ತಿಳಿಯುತ್ತದೆ, ನಾಲಿಗೆಗೆ ಒಂದು ಪದವೂ ಸಿಗುವುದಿಲ್ಲ.

ಮಾತು ಕಲಿಸಲು ಮನೆಗೆ ಬರುತ್ತಿದ್ದ ಮೇಡಂ ತಾಳ್ಮೆಯವರು. ಲೋಟ, ಬೀಗದ ಕೈ, ಬಾಚಣಿಗೆಯ ಚಿತ್ರ ತೋರಿಸಿ “ಇದೇನಮ್ಮಾ?” ಎನ್ನುತ್ತಿದ್ದರು. ಅಕ್ಕ ಗೋಡೆ ಕಡೆ ಮುಖ ತಿರುಗಿಸುತ್ತಿದ್ದಳು. ಊರಿಗೆಲ್ಲ ದಾರಿ ಹೇಳಿದವಳು ಬಾಚಣಿಗೆಯ ಹೆಸರಿಗಾಗಿ ತಡಕಾಡಬೇಕಾಗಿ ಬಂದದ್ದನ್ನು ನೋಡಲಾಗದೆ, ತಮ್ಮ ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆಯುತ್ತಿದ್ದ.

ಒಂದು ದಿನ ಮೇಡಂ ಅಲ್ಲಿಗೇ ಬಂದು ಕೇಳಿದರು: “ಅಕ್ಕನಿಗೆ ಯಾವುದರ ಮೇಲೆ ಕೋಪ ಬರತ್ತೆ? ಎಷ್ಟೋ ಸಲ ಕೋಪದ ಬೆನ್ನಿಗೇ ಮಾತು ಬಂದುಬಿಡತ್ತೆ.”

“ನನ್ನ ಮೇಲೇ ಬರತ್ತೆ ಮೇಡಂ. ಹುಟ್ಟಿದಾಗಿನಿಂದ.”

“ಹಾಗಾದ್ರೆ ಬರಿಸಿ,” ಎಂದು ನಕ್ಕರು ಅವರು.

ಅವನು ಕೈ ಒರೆಸಿಕೊಂಡು ಹೋಗಿ ರೆಕಾರ್ಡು ಹಾಕಿದ. ಅಕ್ಕನ ಎದುರು ಕುರ್ಚಿ ಎಳೆದುಕೊಂಡು ಕೂತ. ‘ನಲ್ಲಿ’ ಉದುರತೊಡಗಿತು.

“ಅಕ್ಕಾ, ಯೋಚನೆ ಮಾಡಿದೆ. ಇಷ್ಟು ವರ್ಷ ನಿನ್ನ ಮನಸ್ಸು ನೋಯಿಸಬಾರದು ಅಂತ ಸುಮ್ಮನಿದ್ದೆ. ಈ ನಲ್ಲಿಯಂಥ ದರಿದ್ರ ಹಾಡು ಇನ್ನೊಂದಿಲ್ಲ. ಇದಕ್ಕೇ ಕೊನೇ ಸ್ಥಾನ. ಪ್ಲಂಬರ್‌ನ ಕರೆಸಿ ನಿಲ್ಲಿಸಬೇಕು ಅಷ್ಟೆ.”

ಅಕ್ಕ ದುರುಗುಟ್ಟಿ ನೋಡಿದಳು. ಅವನು ಬಿಡಲಿಲ್ಲ. “ನಿಜ ಹೇಳು, ನಿಂಗೂ ಲಿಫ್ಟೇ ಇಷ್ಟ ಅಲ್ವಾ? ಹಟಕ್ಕೆ ನಲ್ಲಿ ಅಂತಿದ್ದೆ.”

ಅವಳ ತುಟಿ ಅದುರಿತು. ಎಡಗೈ ಎತ್ತಿ ಕುರ್ಚಿಯ ತೋಳಿಗೆ ಪಟ್ಟೆಂದು ಬಡಿದಳು.

“ಸು... ಸುಳ್ಳು!”

ಹೇಳಿದವಳೇ ಬೆಚ್ಚಿಬಿದ್ದಳು. ಬಾಗಿಲಲ್ಲಿ ನಿಂತಿದ್ದ ಮೇಡಂ ಕೈ ಎದೆಗೆ ಒತ್ತಿಕೊಂಡರು. ತಮ್ಮ ಕುರ್ಚಿಯಿಂದ ಇಳಿದು ಅಕ್ಕನ ಮಡಿಲಲ್ಲಿ ಮುಖವಿಟ್ಟು ಅತ್ತ. ಅವಳು ಅವನ ತಲೆ ನೇವರಿಸುತ್ತ, ಹೊಸ ಆಟಿಕೆ ಸಿಕ್ಕವಳಂತೆ, “ಸುಳ್ಳು... ಸುಳ್ಳು...” ಎನ್ನುತ್ತಲೇ ಇದ್ದಳು.

ಆಮೇಲೆ ದಿನಾ ಜಗಳ. ‘ಅಲ್ಲ’ ಬಂತು, ‘ನಲ್ಲಿ’ ಬಂತು, ‘ಕತ್ತೆ’ ಬಂತು. ಕೊನೆಯದು ಬಂದ ದಿನ ತಮ್ಮ, ಬೀದಿಯಲ್ಲಿ ಸಿಕ್ಕವರಿಗೆಲ್ಲ, “ನಮ್ಮಕ್ಕ ನನ್ನ ಕತ್ತೆ ಅಂದ್ಲು!” ಎಂದು ಹೇಳಿಕೊಂಡು ಬಂದ. ಮೇಡಂ ಹಾಡುಗಳ ಹೆಸರಿನ ಚಿತ್ರಗಳನ್ನೇ ಬರೆದು ತಂದರು. ಅಕ್ಕ ಈಗ ಗೋಡೆ ನೋಡುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ತಮ್ಮ ತಮಾಷೆಗೆ, “ಒಂದನೇ ಸ್ಥಾನ ಯಾರಿಗೆ, ಘೋಷಣೆ ಆಗಲಿ,” ಎಂದ. ಅಕ್ಕ ಬಹಳ ಹೊತ್ತು ಪದ ಹುಡುಕಿದಳು. ಅವನು ಬಾಯಿ ಹಾಕಲಿಲ್ಲ.

“ಗೊರಕೆ.”

“ಗೊರಕೇನಾ? ಲೆಕ್ಕ ತಪ್ಪಿತು ಅಕ್ಕಾ!”

ಅವಳು ತಲೆಯಾಡಿಸಿದಳು. “ಬೇರೇದು... ಓಡತ್ತೆ. ಅದು... ಕಾಯತ್ತೆ. ನಂಗೆ.”

ತಮ್ಮ ಎದ್ದು ರೆಕಾರ್ಡಿನ ಮಗ್ಗುಲು ಬದಲಿಸಿದ. ಇಬ್ಬರೂ ಮೊದಲ ಸಲ ಅದನ್ನು ಕೊನೆಯವರೆಗೆ ಕೇಳಿದರು. ಆ ದಪ್ಪ ಸ್ವರ ಉಬ್ಬುವಾಗ ಅಕ್ಕ ಉಸಿರು ತುಂಬಿಕೊಳ್ಳುತ್ತಿದ್ದಳು, ಇಳಿಯುವಾಗ ಒಂದೊಂದೇ ಪದ ಬಿಡುತ್ತಿದ್ದಳು. ಅವಸರವಿರಲಿಲ್ಲ.

ಅಕ್ಕ ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ. ಆ ದನಿ ಪೂರ್ತಿ ಹಿಂದಿರುಗಲೂ ಇಲ್ಲ. ನಾಲ್ಕು ಪದಗಳ ವಾಕ್ಯ ದಾಟಿದರೆ ದಣಿಯುತ್ತಾಳೆ. ಈಗ ಬೆಳಗಿನ ಹೊತ್ತು ತಮ್ಮನ ಅಂಗಡಿಯಲ್ಲಿ ಕೂರುತ್ತಾಳೆ. ಗಿರಾಕಿಗಳು ಬಟ್ಟೆ ಆರಿಸಲಾಗದೆ ಒದ್ದಾಡುವಾಗ ಎಡಗೈಯಿಂದ ಒಂದನ್ನು ಮುಂದಕ್ಕೆ ಸರಿಸಿ, “ಇದು... ತಗೊಳ್ಳಿ,” ಎನ್ನುತ್ತಾಳೆ. ಹೆಚ್ಚಿನವರು ಅದನ್ನೇ ತಗೊಳ್ಳುತ್ತಾರೆ.