ಎರಡು ಮನೆಗೊಂದು ಫೋನು

ವೈಫೈ ಡಬ್ಬಿಯ ಹಸಿರು ದೀಪ ಕಂಡರೆ ಇತ್ತೀಚೆಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾಕೆನ್ನುತ್ತೀರಾ? ಮೇಲಿನ ಮನೆಯವರ ಇಂಟರ್ನೆಟ್ ಕೆಟ್ಟು ವಾರವಾಯಿತು. ಆ ಮನೆಯ ಹುಡುಗಿಯ ಲ್ಯಾಪ್‌ಟಾಪು, ಅವಳ ತಮ್ಮನ ಆಟದ ಕಂಪ್ಯೂಟರು ಎಲ್ಲವೂ ನಮ್ಮ ಡಬ್ಬಿಯಿಂದಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿವೆ. ನನ್ನ ಅಡುಗೆ ವಿಡಿಯೊ ಸರಿಯಾಗಿ ಒಗ್ಗರಣೆಯ ಹೊತ್ತಿಗೆ ನಿಂತುಬಿಡುತ್ತದೆ. ಇವತ್ತು ಬೆಳಿಗ್ಗೆ ಆ ಹುಡುಗಿಯೇ ಇಳಿದು ಬಂದಳು.

"ಆಂಟಿ, ಹನ್ನೊಂದಕ್ಕೆ ನಂದು ಜಾಬ್ ಇಂಟರ್ವ್ಯೂ ಇದೆ. ಪ್ಲೀಸ್, ಆವಾಗ ನೀವ್ಯಾರೂ ವೈಫೈ ಯೂಸ್ ಮಾಡ್ಬೇಡಿ ಹಾಂ?"

"ಆಗಲಮ್ಮ" ಎಂದು ಬಾಗಿಲು ಹಾಕಿ, ಗೊಣಗಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಮುತ್ತಜ್ಜಿ ನೆನಪಾಗಿ ನಗು ಬಂತು.

ಎಂಬತ್ತರ ದಶಕ. ಬೊಂಬಾಯಿಯ ವಡಾಲದ ಇದೇ ಬಿಲ್ಡಿಂಗು, ಅಪ್ಪನ ನಂತರ ನಮಗೇ ಬಂದ ಇದೇ ಮನೆ. ಅಪ್ಪ ಅರ್ಜಿ ಹಾಕಿದ ಫೋನು ಬರುವಷ್ಟರಲ್ಲಿ ನನ್ನ ಕಾಲೇಜು ಮುಗಿದು ಕೆಲಸವೂ ಸಿಕ್ಕಿತ್ತು. ಮೇಲಿನ ಮನೆಯವರು ಉಡುಪಿ ಕಡೆಯವರು, ಹೋಟೆಲು ನಡೆಸುತ್ತಿದ್ದರು. ಅವರಿಗಿನ್ನೂ ಫೋನು ಬಂದಿರಲಿಲ್ಲ. ಅಪ್ಪ ನಮ್ಮ ಕಿಟಕಿಯಿಂದ ಅವರ ಕಿಟಕಿಗೆ ತಂತಿ ಎಳೆಸಿ ಇನ್ನೊಂದು ಫೋನು ಇಡಿಸಿಕೊಟ್ಟರು. ಲೈನು ಒಂದೇ, ಗಂಟೆ ಎರಡೂ ಮನೆಯಲ್ಲಿ. ಮೇಲಿನ ಅಜ್ಜಿ, ಅಂದರೆ ಈ ಹುಡುಗಿಯ ಮುತ್ತಜ್ಜಿ, ಒಮ್ಮೆ ಎತ್ತಿದರೆ, ಕರೆ ನಮ್ಮದೆಂದು ತಿಳಿದ ಮೇಲೂ ಇಡುತ್ತಿರಲಿಲ್ಲ. ಮೈಸೂರಿನ ನಮ್ಮ ಅತ್ತೆ ಮಂಡಿನೋವು ಎಂದರೆ ಸಾಕು, "ಎಳ್ಳೆಣ್ಣೆ ಹಚ್ಚಿ ಮಾರಾಯ್ರೇ!" ಎಂದು ನಡುವೆ ದನಿ ಬರುತ್ತಿತ್ತು. ಬೊಂಬಾಯಿ ಎಕ್ಸ್‌ಚೇಂಜಿನ ಹೆಂಗಸು ಬಹಳ ಒಳ್ಳೆಯವಳು ಅಂತ ಅತ್ತೆ ಊರೆಲ್ಲ ಹೇಳಿಕೊಂಡು ಬಂದಿದ್ದರು.

ಆಗಲೇ ವಿಲೆ ಪಾರ್ಲೆಯಿಂದ ನನ್ನನ್ನು ನೋಡಲು ಒಬ್ಬ ಹುಡುಗ ಬಂದದ್ದು. ಕಾಫಿ ಷರಟಿನ ಮೇಲೆ ಚೆಲ್ಲಿಕೊಂಡು, ಯಾರಿಗೂ ಕಾಣದಂತೆ ಕೈ ಅಡ್ಡ ಹಿಡಿದು ಕೂತಿದ್ದ. ನನಗೆ ಕಂಡಿತ್ತು. ತುಂಬ ಹಿಡಿಸಿಬಿಟ್ಟ. "ಭಾನುವಾರ ಬೆಳಿಗ್ಗೆ ಫೋನ್ ಮಾಡಿ ತಿಳಿಸ್ತೀವಿ" ಎಂದು ಅವನ ತಂದೆ ಹೇಳಿ ಹೋದರು.

ಶನಿವಾರ ಅಪ್ಪ ಮಹಡಿ ಹತ್ತಿ ಅಜ್ಜಿಗೆ ಕೈಮುಗಿದರು. "ಅಮ್ಮಾ, ನಾಳೆ ಒಂದು ದಿನ ದಯವಿಟ್ಟು ನೀವು ಎತ್ತಬೇಡಿ." ಕೆಳಗೆ ನಮಗೂ ಕಟ್ಟಪ್ಪಣೆ: "ಯಾರೂ ರಿಸೀವರ್ ಮುಟ್ಟಕೂಡದು. ಅದೇ ಹೊತ್ತಿಗೆ ಅವರು ಮಾಡಿದ್ರೆ?"

ಭಾನುವಾರ ಫೋನಿನ ಸುತ್ತ ಕೂತೆವು. ಕೂತೇ ಇದ್ದೆವು. ಗಂಟೆ ಬಡಿಯಲಿಲ್ಲ. ಊಟದ ಹೊತ್ತಾಯಿತು. "ಬೇಡ ಅನ್ನೋಕೆ ಸಂಕೋಚ ಇರಬೇಕು, ಪಾಪ" ಎಂದು ಅಪ್ಪ ನನ್ನ ಮುಖ ನೋಡದೆ ಎದ್ದರು. ನಾನು ಅಡುಗೆಮನೆಗೆ ಹೋಗಿ, ಅಂದಿನ ಸಾರಿಗೆ ಬೇಡದ ಈರುಳ್ಳಿಯನ್ನು ರಾಶಿ ಹೆಚ್ಚಿದೆ. ಅಳುವುದಕ್ಕೆ ಒಂದು ನೆಪ ಬೇಕಲ್ಲ!

ಬಾಗಿಲು ಬಡಿದ ಸದ್ದಾಯಿತು. ಬಾಂದ್ರಾದಲ್ಲಿ ಲೋಕಲ್ ರೈಲು ಬದಲಿಸಿ, ಬೆವರಿನಲ್ಲಿ ತೊಯ್ದು ಆ ಹುಡುಗನೇ ನಿಂತಿದ್ದ.

"ಬೆಳಿಗ್ಗೆಯಿಂದ ಮಾಡ್ತಾನೇ ಇದೀವಿ, ಎಂಗೇಜೇ ಎಂಗೇಜು. ಬೇರೆ ಕಡೆ ಮಾತುಕತೆ ನಡೀತಿದೆಯೇನೋ ಅಂತ ಭಯ ಆಯ್ತು. ನಮ್ಮ ಕಡೆಯಿಂದ ಒಪ್ಪಿಗೆ. ನಿಮ್ಮದು?"

ಅಪ್ಪ ಬಾಯಿ ತೆರೆಯುವ ಮುಂಚೆ ಒಳಗಿನಿಂದ "ನಂದೂ" ಎಂದುಬಿಟ್ಟೆ. ಅಬ್ಬಾ, ಆ ಧೈರ್ಯ ಎಲ್ಲಿಂದ ಬಂತೋ!

ಗದ್ದಲ ಕೇಳಿ ಅಜ್ಜಿ ಇಳಿದು ಬಂದರು. "ಫೋನು ಬಂತಾ ಮಾರಾಯ್ರೇ? ಮರೆತು ಎಲ್ಲಿಯಾದ್ರೂ ಎತ್ತಿಬಿಡ್ತೇನೋ ಅಂತ ನಾನು ಬೆಳಿಗ್ಗೆಯೇ ರಿಸೀವರ್ ತೆಗ್ದು ದಿಂಬಿನ ಮೇಲೆ ಮಲಗಿಸಿಟ್ಟಿದ್ದೇನೆ!"

ಅಪ್ಪನಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಫೋನು ಸರಿಯಿದ್ದಿದ್ದರೆ ದೊಡ್ಡವರೇ ಮಾತಾಡಿ ಮುಗಿಸುತ್ತಿದ್ದರು. ನನ್ನನ್ನು ಯಾರೂ ಕೇಳುತ್ತಿರಲಿಲ್ಲ.

ಇದನ್ನೆಲ್ಲ ನೆನೆಯುತ್ತಾ ಕೂತಿದ್ದಾಗ ಹನ್ನೊಂದಾಗುತ್ತ ಬಂದಿತ್ತು. ನಮ್ಮ ಯಜಮಾನರು, ಅಂದರೆ ಕಾಫಿ ಚೆಲ್ಲಿಕೊಂಡ ಅದೇ ಹುಡುಗ, ಎದ್ದು ಹೋಗಿ ವೈಫೈ ಡಬ್ಬಿಯ ಸ್ವಿಚ್ಚಿಗೆ ಕೈಹಾಕಿದರು.

"ಏನು ಮಾಡ್ತಿದೀರಿ?"

"ಪೂರ್ತಿ ಆಫ್ ಮಾಡಿಬಿಟ್ರೆ ನಾವು ಮರೆತೂ ಉಪಯೋಗಿಸೋ ಹಾಗಿಲ್ಲ. ಅವಳಿಗೆ ತೊಂದ್ರೆ ಆಗಬಾರದಲ್ಲ?"

"ಅಜ್ಜೀ, ಕೈ ತೆಗೀರಿ!" ಎಂದು ಕೂಗಿದೆ.

ಮಧ್ಯಾಹ್ನ ಹುಡುಗಿ ಧಡಧಡನೆ ಇಳಿದು ಬಂದು ನನ್ನನ್ನು ತಬ್ಬಿಕೊಂಡಳು. "ಸೆಲೆಕ್ಟ್ ಆದೆ ಆಂಟಿ! ನಮ್ದು ಕನೆಕ್ಷನ್ ನಾಳೆನೇ ರಿಪೇರಿ ಮಾಡಿಸ್ತೀನಿ, ಪಕ್ಕಾ."

"ಅವಸರವೇನಿಲ್ಲ" ಎಂದೆ. "ನಿಧಾನಕ್ಕೆ ಮಾಡಿಸಮ್ಮ."